ಮೊದಲು ಸ್ವಿಚ್ಚು, ಆಮೇಲೆ ಕೈ!



ಧನುರ್ಮಾಸ ಬಂತೆಂದರೆ ಬೇತಮಂಗಲದ ಕಡೆ ಬೆಳಗಿನ ಚಳಿ ಕೇಳಬೇಕೆ! ಕೆರೆಯ ಮೇಲಿಂದ ಗಾಳಿ ಬೀಸುವಾಗ ತಣ್ಣೀರು ಮುಟ್ಟುವವರು ಯಾರು? ಹಂಡೆಯೊಲೆಗೆ ಸೌದೆ ತುರುಕಿ ಊದುವ ಕಷ್ಟ ಎಷ್ಟೋ ಮನೆಗಳಲ್ಲಿ ತಪ್ಪಿದೆ. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ಸ್ವಿಚ್ ಹಾಕಿದರೆ ಆಯಿತು.

ಶಿವನಸಮುದ್ರದ ಕರೆಂಟು ಪಕ್ಕದ ಕೆ.ಜಿ.ಎಫ್. ಗಣಿಗಳಿಗೆ ಬಂದದ್ದು 1902ರಲ್ಲಿ. ಅಲ್ಲಿ ಅದನ್ನು ನೋಡಿಕೊಳ್ಳಲು ಕೆಲಸ ಬಲ್ಲವರಿದ್ದರು. ನಮ್ಮ ಬಚ್ಚಲಲ್ಲಿ ನೋಡಿಕೊಳ್ಳಬೇಕಾದವರು ನಾವೇ. ಆದ್ದರಿಂದ ಕಾಯಿಲ್ ಬಳಸುವ ಕ್ರಮ ತಿಳಿದಿರಲೇಬೇಕು.

“ನೀರು ಕಾದಿದೆಯಾ ನೋಡೋಣ” ಅಂತ ಬೆರಳು ಅದ್ದುತ್ತೀರಲ್ಲ, ಅಪಾಯ ಇರುವುದೇ ಅಲ್ಲಿ. ಕಾಯಿಲ್‌ನ ಕೊಳವೆ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಕರೆಂಟು ನೀರಿಗೆ ಇಳಿದಿರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಒದ್ದೆ ಕೈ, ಒದ್ದೆ ನೆಲ ಸೇರಿದರೆ ಜೀವಕ್ಕೇ ಕುತ್ತು.

ಈ ಕ್ರಮ ತಪ್ಪಿಸಬೇಡಿ:

1. ಮೊದಲು ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ. ಕಾಯಿಲ್ ಮೇಲಿನ ಗುರುತಿನವರೆಗೆ ಮುಳುಗಲಿ, ಹಿಡಿ ನೆನೆಯದಿರಲಿ. ಲೋಹದ ಬಕೆಟ್ ಬೇಡ.

2. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಪ್ಲಗ್ ಸಿಕ್ಕಿಸಿ. ಸ್ವಿಚ್ ಕೊನೆಗೆ.

3. ನೀರು ಮುಟ್ಟುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಎರಡು ನಿಮಿಷ ಬಿಟ್ಟು ಕಾಯಿಲ್ ತೆಗೆಯಿರಿ. ಆಮೇಲೆ ಕೈ ಹಾಕಿ.

ಪ್ಲಗ್ಗಿನ ಮೂರನೆಯ ದಪ್ಪ ಪಿನ್ ಅರ್ತಿಂಗಿನದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಬುದ್ಧಿವಂತಿಕೆ ಬೇಡವೇ ಬೇಡ. ಕರೆಂಟು ಸೋರಿದ ತಕ್ಷಣ ತಾನಾಗಿ ಆರುವ 30 ಮಿಲಿಆಂಪಿಯರಿನ ಟ್ರಿಪ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ. ಒಂದು ಸೀರೆಗೆ ಕೊಡುವ ದುಡ್ಡಿನ ಬಗ್ಗೆ ಯೋಚಿಸುವಷ್ಟು ಇದರ ಬಗ್ಗೆ ಯೋಚಿಸಬೇಡಿ!

ಖರ್ಚಿನ ಲೆಕ್ಕವೂ ಇರಲಿ. 1,500 ವಾಟಿನ ಕಾಯಿಲ್ 20 ಲೀಟರ್ ನೀರನ್ನು 20 ಡಿಗ್ರಿ ಹೆಚ್ಚು ಬಿಸಿ ಮಾಡಲು ಸುಮಾರು 20 ನಿಮಿಷ ಬೇಕು. ಅದಕ್ಕೆ ಅರ್ಧ ಯೂನಿಟ್ ಕರೆಂಟು. ಗಡಿಯಾರ ನೋಡಿ ಸ್ವಿಚ್ ಹಾಕಿದರೆ ಬೆರಳು ಅದ್ದುವ ಅಗತ್ಯವೇ ಬೀಳದು.

ಮೊದಲಿಗಿಂತ ಹೊತ್ತು ಹಿಡಿಯುತ್ತಿದೆಯೇ? ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲ್ ಮೇಲೆ ಸುಣ್ಣದಂಥ ಬಿಳಿ ಪದರ ಕೂತಿರುತ್ತದೆ. ಶಾಖ ನೀರಿಗೆ ಹೋಗದೆ ಕಾಯಿಲ್ಲೇ ಸುಟ್ಟುಹೋಗಬಹುದು. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ, ಸುರುಳಿಯಷ್ಟನ್ನೇ ವಿನಿಗರ್‌ಗೆ ಸಮಪಾಲು ನೀರು ಬೆರೆಸಿ ಒಂದು ಗಂಟೆ ನೆನೆಹಾಕಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತೊಳೆದು ಒರೆಸಿಡಿ. ಚಾಕುವಿನಿಂದ ಕೆರೆಯಬೇಡಿ. ಕೊಳವೆ ಬಿರಿದಿದ್ದರೆ, ವೈರು ಹರಿದಿದ್ದರೆ ಟೇಪು ಸುತ್ತದೆ ಎಸೆದುಬಿಡಿ.

ಗೀಸರ್ ಇರುವವರೂ ಸ್ನಾನಕ್ಕೆ ನಿಲ್ಲುವ ಮುಂಚೆ ಸ್ವಿಚ್ ಆರಿಸುವುದು ಒಳ್ಳೆಯ ಅಭ್ಯಾಸ.

ಅಕಸ್ಮಾತ್ ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಹಿಡಿದು ಎಳೆಯಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದನ್ನು ನೀವೊಬ್ಬರೇ ಓದಿದರೆ ಸಾಲದು. ಅತ್ತೆಯವರಿಗೆ, ಮಕ್ಕಳಿಗೆ, ಮನೆಗೆಲಸದವರಿಗೆ, ಮುಖ್ಯವಾಗಿ ಅವಸರದಲ್ಲಿ ಬಚ್ಚಲಿಗೆ ನುಗ್ಗುವ ಯಜಮಾನರಿಗೆ ಓದಿ ಹೇಳಿ!