ಚಿನ್ನದ ನೀರು ಮತ್ತು ಅಡಿಗೆಯ ಕಟ್ಟೆ

ಖಡಕಿಯ ಚಾಳುಗಳಲ್ಲಿ ಈಗ ಹೊಸದೊಂದು ಉಪಕಸುಬಿನ ಮಾತು ಕೇಳಿಬರುತ್ತಿದೆ. ಹಿತ್ತಾಳೆಯ ಬಳೆ, ತಾಮ್ರದ ಸರ, ದೇವರ ಪುಟ್ಟ ಮೂರ್ತಿ ಇವಕ್ಕೆಲ್ಲ ಮನೆಯಲ್ಲೇ ಕುಳಿತು ಚಿನ್ನದ ನೀರು ಕೊಟ್ಟು ನಾಲ್ಕು ಕಾಸು ಗಳಿಸಬಹುದೆಂದು ಸಾಮಗ್ರಿ ಮಾರುವವರು ಆಸೆ ಹುಟ್ಟಿಸುತ್ತಿದ್ದಾರೆ. ಸಣ್ಣದೊಂದು ವಿದ್ಯುತ್ ಪೆಟ್ಟಿಗೆ, ಎರಡು ತಂತಿ, ಒಂದು ಸೀಸೆ ದ್ರಾವಣ. ಗಂಡ ಪಾಳಿಗೆ ಹೋದ ಮೇಲೆ ಹೆಂಡತಿ ಅಡಿಗೆಯ ಕಟ್ಟೆಯ ಮೇಲೆಯೇ ಮಾಡಿಕೊಳ್ಳಬಹುದಂತೆ. ತಿಂಗಳ ಇಪ್ಪತ್ತನೆಯ ತಾರೀಖಿಗೇ ಸಂಬಳ ಮುಗಿಯುವ ಮನೆಗಳಿಗೆ ಈ ಮಾತು ರುಚಿಸುವುದು ಸಹಜ. ರುಚಿಸುವುದರಿಂದಲೇ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಮ್ಮ ಹೊಟೇಲು ಬಂಧುಗಳಿಗೆ ಕಲಾಯಿ ಹೊಸದಲ್ಲ. ಹಿತ್ತಾಳೆಯ ಹಂಡೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಹತ್ತಿಯಿಂದ ಒರೆಸಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಚಿನ್ನದ ನೀರೂ ಹಾಗೆಯೇ, ಇನ್ನೊಂದು ಬಗೆಯ ಕಲಾಯಿ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಕಲಾಯಿಯವನು ಬೀದಿಯ ಬಯಲಿನಲ್ಲಿ, ಎಲ್ಲರ ಕಣ್ಣೆದುರಿಗೆ ಕೆಲಸ ಮಾಡುತ್ತಾನೆ. ಅವನ ಹೊಗೆ ಕಣ್ಣಿಗೆ ಕಾಣುತ್ತದೆ. ಚಿನ್ನದ ನೀರಿನ ಅಪಾಯ ಕಾಣುವುದಿಲ್ಲ. 1805ರಲ್ಲಿ ಇಟಲಿಯ ಬ್ರುನ್ಯಾಟೆಲ್ಲಿ ಎಂಬ ಪಂಡಿತ ವಿದ್ಯುತ್ತಿನಿಂದ ಚಿನ್ನ ಲೇಪಿಸಿ ತೋರಿಸಿದ. ಆದರೆ ಅದು ವ್ಯಾಪಾರಕ್ಕೆ ಬಂದದ್ದು 1840ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ಸಯನೈಡು ದ್ರಾವಣಕ್ಕೆ ಪೇಟೆಂಟು ಪಡೆದಾಗ. ದಂಡಿನ ಪ್ರದೇಶದ ಹಳೆಯ ಮೆಸ್ಸುಗಳಲ್ಲಿ ಚಹದ ಕಿತ್ತಲಿಯ ತಳದಲ್ಲಿ ಇ.ಪಿ.ಎನ್.ಎಸ್. ಎಂಬ ಮುದ್ರೆ ಕಂಡವರಿದ್ದರೆ, ಅದು ಇದೇ ವಿದ್ಯೆಯ ಬೆಳ್ಳಿಯ ರೂಪ.

ಮೊದಲು ಲಾಭದ ಲೆಕ್ಕ ನೋಡೋಣ. ಸಯನೈಡು ದ್ರಾವಣದಲ್ಲಿ ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಹೆಚ್ಚೆಂದರೆ ಸುಮಾರು 7.35 ಗ್ರಾಂ ಚಿನ್ನ ಕೂರುತ್ತದೆ. ಒಂದು ಸರದ ಮೈ 50 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಮೈಕ್ರಾನಿನ ಹತ್ತನೆಯ ಒಂದು ಪಾಲು, ಅಂದರೆ ತಲೆಗೂದಲಿನ ದಪ್ಪದ ಐನೂರನೆಯ ಒಂದು ಪಾಲಿನ ಆಸುಪಾಸು, ಲೇಪಿಸಲು ಬೇಕಾಗುವ ಚಿನ್ನ ಬರೀ 10 ಮಿಲಿಗ್ರಾಂ. ಅರ್ಧ ನಿಮಿಷದ ಕೆಲಸ. 2025ರಲ್ಲಿ ಚಿನ್ನ ಗ್ರಾಮಿಗೆ ಹತ್ತು ಸಾವಿರ ರೂಪಾಯಿ ದಾಟಿತು; ಆ ದರ ಹಿಡಿದರೂ ಸರದ ಮೇಲಿನ ಬಂಗಾರ ನೂರು ರೂಪಾಯಿಯದು. ಮಾಡಿದವಳ ಕೂಲಿ ಇದರ ಮೇಲೆ ಎಷ್ಟು ಬಂದೀತು? ಇಷ್ಟು ತೆಳು ಲೇಪ ಬೆವರಿಗೆ, ಸಾಬೂನಿಗೆ ಬೇಗ ಸವೆಯುತ್ತದೆ. ಗಿರಾಕಿ ಬೈದುಕೊಂಡು ಹಿಂದಿರುಗುವುದು ಚಾಳಿನ ಬಾಗಿಲಿಗೇ ಹೊರತು ಸೀಸೆ ಮಾರಿದವನ ಅಂಗಡಿಗಲ್ಲ.

ಇನ್ನು ಆ ಸೀಸೆಯ ವಿಷಯ. ಇಂಥ ದ್ರಾವಣಗಳಲ್ಲಿ ಹೆಚ್ಚಿನವು ಸಯನೈಡಿನವು. ಪೊಟ್ಯಾಸಿಯಂ ಸಯನೈಡು ಕಾಲು ಗ್ರಾಮಿನಷ್ಟು ಹೊಟ್ಟೆ ಸೇರಿದರೆ ದೊಡ್ಡವರೂ ಉಳಿಯುವುದು ಕಷ್ಟ. ಕುಡಿದರೆ ತಾನೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಲೇಪನಕ್ಕೆ ಮೊದಲು ಲೋಹವನ್ನು ಹುಳಿಯಿಂದ ತೊಳೆಯಬೇಕು. ಅಂಗಡಿಯವರು ಆಮ್ಲ ಬಳಸುತ್ತಾರೆ, ನಮ್ಮ ಹೆಂಗಸರು ಹುಣಿಸೆಹಣ್ಣು, ನಿಂಬೆಹೋಳು ಬಳಸುತ್ತಾರೆ. ಸಯನೈಡಿಗೆ ಹುಣಿಸೆಯ ಹುಳಿಯೂ ಹುಳಿಯೇ. ಎರಡೂ ಕೂಡಿದಲ್ಲಿ ಹೈಡ್ರೋಜನ್ ಸಯನೈಡು ಎಂಬ ಅನಿಲ ಏಳುತ್ತದೆ. ಅದಕ್ಕೆ ಕಹಿ ಬಾದಾಮಿಯ ವಾಸನೆ ಎನ್ನುತ್ತಾರೆ, ಆದರೆ ಆ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ಕಾರ್ಖಾನೆಯಲ್ಲಿ ಆಮ್ಲದ ತೊಟ್ಟಿ ಒಂದು ಕಡೆ, ಸಯನೈಡಿನ ತೊಟ್ಟಿ ಇನ್ನೊಂದು ಕಡೆ, ಹೊಲಸು ನೀರಿಗೆ ಬೇರೆ ಬೇರೆ ಕಾಲುವೆ, ಮೇಲೆ ಗಾಳಿ ಎಳೆಯುವ ಯಂತ್ರ ಇರಬೇಕು. ಹತ್ತಡಿಯ ಖೋಲಿಯಲ್ಲಿ ಇರುವುದು ಒಂದೇ ಮೋರಿ. ಮುಸುರೆಯೂ ಅಲ್ಲಿಗೆ, ಹುಣಿಸೆ ನೀರೂ ಅಲ್ಲಿಗೆ, ಸೀಸೆಯ ಕೊನೆಯ ಹನಿಯೂ ಅಲ್ಲಿಗೆ. ಅದರ ಪಕ್ಕದಲ್ಲೇ ಮಗು ಮಲಗಿರುತ್ತದೆ.

1869ರಿಂದ ಮದ್ದುಗುಂಡಿನ ಕಾರ್ಖಾನೆ ಇರುವ ಊರು ಖಡಕಿ. ಅಲ್ಲಿ ದುಡಿಯುವವನು ಮದ್ದನ್ನು ಮನೆಗೆ ತಂದು ಒಲೆಯ ಪಕ್ಕದಲ್ಲಿ ಅರೆಯುವುದಿಲ್ಲ.

ಕನ್ನಡ ನಾಡಿಗೆ ಈ ಸಯನೈಡು ಹಳೆಯ ಪರಿಚಯ. ಕೋಲಾರದ ಗಣಿಗಳಲ್ಲಿ ಕಲ್ಲನ್ನು ಹಿಟ್ಟು ಮಾಡಿ, ಸಯನೈಡು ನೀರಿನಲ್ಲಿ ನೆನೆಸಿ ಬಂಗಾರ ತೆಗೆಯುತ್ತಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುಹೋದದ್ದೂ ಆ ಗಣಿಗಳಿಗೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಜನ ಸಯನೈಡು ಗುಡ್ಡಗಳೆಂದು ಕರೆಯುವ ಆ ಮಣ್ಣಿನ ದಿಬ್ಬಗಳು ಊರಿನಲ್ಲೇ ಉಳಿದವು. ಬಂಗಾರ ಎಲ್ಲಿ ಹೋಯಿತು, ಗುಡ್ಡ ಯಾರ ಪಾಲಿಗೆ ಬಂತು ಎಂಬುದನ್ನು ಅಲ್ಲಿನ ಕಾರ್ಮಿಕರನ್ನು ಕೇಳಿದರೆ ಹೇಳುತ್ತಾರೆ.

ಬಡವರು ಏನಾದರೂ ಮಾಡಿ ಬದುಕಿಕೊಳ್ಳಲಿ, ನಿಮಗೇಕೆ ಅಡ್ಡಗಾಲು ಎಂದು ಕೇಳುವವರುಂಟು. ನಾವು ಕಸುಬಿಗೆ ಅಡ್ಡ ಬಂದಿಲ್ಲ. ಅದನ್ನು ಖೋಲಿಗೆ ತಳ್ಳುವುದಕ್ಕೆ ಅಡ್ಡ ಬಂದಿದ್ದೇವೆ. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸಿ ಹತ್ತು ಮಂದಿ ದುಡಿಯುವ ಜಾಗವನ್ನು ಕಾರ್ಖಾನೆ ಎಂದಿತು. ಅಲ್ಲಿಗೆ ಇನ್ಸ್‌ಪೆಕ್ಟರು ಬರುತ್ತಿದ್ದ, ಲೇಪನ ಕೆಲಸದ ಕ್ರೋಮು ಹುಣ್ಣಿನಂಥ ರೋಗ ಬಂದರೆ ಸರಕಾರಕ್ಕೆ ತಿಳಿಸಬೇಕಾಗಿತ್ತು. ಒಂಟಿ ಹೆಂಗಸು ದುಡಿಯುವ ಅಡಿಗೆಮನೆ ಯಾವ ಪಟ್ಟಿಗೂ ಸೇರಲಿಲ್ಲ. ಹೀಗಿರುವಾಗ ಕೆಲಸ ಮನೆಗೆ ಬಂತೆಂದರೆ ಗಾಳಿಯಂತ್ರದ ಖರ್ಚು, ಕೈಗವಸಿನ ಖರ್ಚು, ಆಸ್ಪತ್ರೆಯ ಖರ್ಚು ಎಲ್ಲವೂ ಧಣಿಯ ಲೆಕ್ಕದಿಂದ ಜಾರಿ ನಮ್ಮ ಲೆಕ್ಕಕ್ಕೆ ಬಂತು ಎಂದೇ ಅರ್ಥ. ಸಯನೈಡಿಲ್ಲದ ಸಲ್ಫೈಟ್ ದ್ರಾವಣಗಳೂ ಇವೆ, ಅವು ಇಷ್ಟು ಕ್ರೂರವಲ್ಲ ಎಂಬುದನ್ನು ಒಪ್ಪುತ್ತೇವೆ. ಆದರೆ ಅಗ್ಗದ ಸೀಸೆಯ ಮೇಲಿನ ಚೀಟಿಯನ್ನು ನಂಬಿ ಮಕ್ಕಳ ಮನೆಯಲ್ಲಿ ಪರೀಕ್ಷೆ ಮಾಡಲಾಗದು. ಕೆಲವು ಕುಟುಂಬಗಳು ಕೂಡಿ, ಬೇರೆ ಷೆಡ್ಡು ಹಿಡಿದು, ಪರವಾನಗಿ ಪಡೆದು, ಬಲ್ಲವನಿಂದ ಕಲಿತು ಮಾಡುವುದಾದರೆ ನಾವೇ ಮುಂದೆ ನಿಂತು ಬೆಂಬಲಿಸುತ್ತೇವೆ.

ಗಿಲೀಟು ಒಡವೆ ತೊಡುವುದರಲ್ಲಿ ಅವಮಾನವೇನೂ ಇಲ್ಲ. ಮಗಳ ಮದುವೆಗೆ ಸಾಲ ಮಾಡಿ ಹತ್ತು ವರ್ಷ ಬಡ್ಡಿ ತೆರುವುದಕ್ಕಿಂತ ಅದು ಸಾವಿರ ಪಾಲು ಮೇಲು. ಕೊರಳಿಗೆ ತುರಿಕೆ ಬಂದರೆ ಅಡಿಯಲ್ಲಿ ನಿಕ್ಕಲ್ ಲೇಪ ಇದ್ದೀತು, ತೆಗೆದಿಡಿ. ಚಿನ್ನವೆಂದೇ ಕೊಳ್ಳುವುದಾದರೆ ಬಿ.ಐ.ಎಸ್. ತ್ರಿಕೋನ, ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಗುರುತು ಈ ಮೂರನ್ನೂ ನೋಡಿ ಕೊಳ್ಳಿ. ಮತ್ತೊಂದು ಮಾತು: ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ಬಂದು ತಾಳಿಗೆ ಪಾಲಿಶ್ ಮಾಡಿಕೊಡುತ್ತೇವೆ ಎನ್ನುವವರನ್ನು ಬಾಗಿಲಿಂದಲೇ ಕಳಿಸಿಬಿಡಿ. ಅವರ ಬಟ್ಟಲಲ್ಲಿರುವ ಆಮ್ಲ ಚಿನ್ನವನ್ನು ಕರಗಿಸಿ ಒಳಗೆ ಇಟ್ಟುಕೊಳ್ಳುತ್ತದೆ; ತಾಳಿ ಹೊಳೆಯುತ್ತ ಹಿಂದಿರುಗುತ್ತದೆ, ತೂಕ ಮಾತ್ರ ಹಿಂದಿರುಗುವುದಿಲ್ಲ.

ಈಗಾಗಲೇ ಸೀಸೆ ಕೊಂಡು ತಂದವರಿದ್ದರೆ ಅದನ್ನು ಮೋರಿಗೆ ಸುರಿಯಬೇಡಿ, ಮುಳಾ ನದಿಗಂತೂ ಬೇಡವೇ ಬೇಡ. ಬಿರಡೆ ಬಿಗಿದು, ಮಕ್ಕಳ ಕೈಗೆ ಎಟಕದಂತೆ ಹುಳಿ ಪದಾರ್ಥಗಳಿಂದ ದೂರವಿಟ್ಟು, ಪರವಾನಗಿಯುಳ್ಳ ಲೇಪನದ ಕಾರ್ಖಾನೆಗೆ ಒಪ್ಪಿಸಿ. ಯಾರಾದರೂ ಅದರ ಬಳಿ ತಲೆ ಸುತ್ತಿ ಬಿದ್ದರೆ, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆಳೆದು, ಬಾಯಿಗೆ ಬಾಯಿಟ್ಟು ಊದದೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರಿಗೆ ಮೊದಲ ಮಾತಿನಲ್ಲೇ ಸಯನೈಡು ಎಂದು ತಿಳಿಸಿರಿ.