ವಕಾಲತ್ತಿಗೆ ಬಹಿಷ್ಕಾರ

ಆಪಾದಿತನು ಆ ಊರಿನವನೇ ಆಗಿದ್ದರೆ ಅವನಿಗೆ ಬಂಧುಗಳುಂಟು, ಕುಲದ ಹಿರಿಯರುಂಟು, ಜಾಮೀನಿಗೆ ನಿಲ್ಲುವ ನೆರೆಯವರುಂಟು. ವಿದ್ಯಾರ್ಜನೆಗೋ ಜೀವನೋಪಾಯಕ್ಕೋ ದೂರಪ್ರಾಂತದಿಂದ ಬಂದು, ಊರಿನ ಭಾಷೆಯನ್ನರಿಯದೆ, ಊರವರ ಮತಾಚಾರಗಳಿಂದಲೂ ಭಿನ್ನನಾಗಿ, ಅವರ ಕ್ರೋಧಕ್ಕೆ ಪಾತ್ರನಾಗಿ ಕಟಕಟೆಯಲ್ಲಿ ನಿಂತವನಿಗಾದರೋ ವಕೀಲನೊಬ್ಬನನ್ನುಳಿದು ಬೇರೆ ಗತಿಯಿಲ್ಲ.

2020ರ ಫೆಬ್ರವರಿಯಲ್ಲಿ, ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಕಾಶ್ಮೀರದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಆಪಾದನೆ ಬಂದಾಗ, ತಮ್ಮ ಸದಸ್ಯರಾರೂ ಅವರ ಪರವಾಗಿ ವಕಾಲತ್ತು ವಹಿಸತಕ್ಕದ್ದಲ್ಲವೆಂದು ಅಲ್ಲಿಯ ವಕೀಲರ ಸಂಘವು ಠರಾವು ಮಾಡಿತು. ಇದನ್ನು ಪ್ರಶ್ನಿಸಿ ಕೆಲವು ವಕೀಲರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿದ್ಯಾರ್ಥಿಗಳ ಪರ ಧಾರವಾಡದ ನ್ಯಾಯಾಲಯಕ್ಕೆ ಹೋಗುವ ವಕೀಲರಿಗೆ ಪೊಲೀಸರ ರಕ್ಷಣೆ ಬೇಕಾಯಿತು. ಆ ಹುಡುಗರು ಮಾಡಿದ್ದು ಅಪರಾಧವೋ ಅವಿವೇಕವೋ ಎಂಬ ವಿಚಾರವನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಅದನ್ನು ನಿರ್ಣಯಿಸುವ ಅಧಿಕಾರವು ನ್ಯಾಯಾಧೀಶರದು, ವಕೀಲರ ಸಂಘದ್ದಲ್ಲವೆಂಬುದೇ ನನ್ನ ವಾದ.

ವಕೀಲನೊಬ್ಬನು ತಕ್ಕ ಕಾರಣದಿಂದ ಮೊಕದ್ದಮೆಯೊಂದನ್ನು ಬಿಟ್ಟುಕೊಡುವುದು ಬೇರೆ. ಭಾರತೀಯ ವಕೀಲರ ಪರಿಷತ್ತಿನ ನಿಯಮವು, ತನ್ನ ಅಂತಸ್ತಿಗೂ ಮೊಕದ್ದಮೆಯ ಸ್ವರೂಪಕ್ಕೂ ಒಪ್ಪುವ ಶುಲ್ಕ ದೊರೆತಲ್ಲಿ ಬಂದ ಕಕ್ಷಿದಾರನನ್ನು ಸ್ವೀಕರಿಸಬೇಕೆಂದು ವಿಧಿಸುವಾಗಲೇ, ವಿಶೇಷ ಸಂದರ್ಭಗಳಲ್ಲಿ ನಿರಾಕರಿಸಲು ಅವಕಾಶವನ್ನೂ ಇಟ್ಟಿದೆ. ಆದರೆ ಸಂಘದ ಠರಾವು ಒಲ್ಲದವನಿಗೆ ನೆಪವನ್ನೊದಗಿಸಿ, ಒಪ್ಪುವವನ ಕೈಯನ್ನೂ ಕಟ್ಟಿಹಾಕುತ್ತದೆ. ಬೆಂಕಿ ನೀರು ಕೊಡಕೂಡದೆಂದು ಹಿಂದೆ ಕುಲಪಂಚಾಯಿತಿಗಳು ಹಾಕುತ್ತಿದ್ದ ಬಹಿಷ್ಕಾರಕ್ಕೂ ಇದಕ್ಕೂ ಏನು ಭೇದ? ಕರಿಯ ಕೋಟು ತೊಟ್ಟವರು ಹಾಕಿದರೆಂಬ ಮಾತ್ರಕ್ಕೆ ಬಹಿಷ್ಕಾರವು ವಿಧಿವಿಹಿತವಾಗದು.

ಅನ್ಯಪ್ರಾಂತದವರಿಗೋ ಅನ್ಯಮತೀಯರಿಗೋ ಮಾತ್ರ ತಗಲುವ ವಿಪತ್ತು ಇದೆಂದು ಯಾರೂ ನೆಮ್ಮದಿಪಡಬೇಕಾಗಿಲ್ಲ. ಕೊಯಮತ್ತೂರಿನಲ್ಲಿ ಇಂಥದೇ ಠರಾವು ಹೊರಟಿದ್ದು ಪೊಲೀಸರ ವಿರುದ್ಧ: ಆಪಾದಿತರಾದ ಪೊಲೀಸರ ಪರ ಯಾರೂ ವಾದಿಸಕೂಡದೆಂದು. ಆ ಪ್ರಕರಣದಲ್ಲಿಯೇ 2010ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ಠರಾವುಗಳೆಲ್ಲವೂ ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧವಾದುವು, ಶೂನ್ಯವಾದುವು ಎಂದು ಸಾರಿತು. ಹತ್ತು ವರ್ಷ ತುಂಬುವುದರೊಳಗಾಗಿ ಹುಬ್ಬಳ್ಳಿಯಲ್ಲಿ ಅದೇ ನಡೆಯಿತೆಂದರೆ, ಆ ತೀರ್ಪನ್ನು ಓದಿರಬೇಕಾದವರೇ ಓದಿರಲಿಲ್ಲವೆನ್ನಬೇಕೆ, ಓದಿಯೂ ಮರೆತರೆನ್ನಬೇಕೆ?

ದೇಶಾಭಿಮಾನವೇ ತಮ್ಮನ್ನು ಹೀಗೆ ಪ್ರೇರಿಸಿತೆಂದು ಕೆಲವರು ಹೇಳಿಯಾರು. ಆ ಭಾವನೆಯನ್ನು ನಾನು ಹಳಿಯುವುದಿಲ್ಲ. ಆದರೆ ಮುಂಬಯಿಯಲ್ಲಿ ರಕ್ತದ ಹೊಳೆ ಹರಿಸಿದ ಕಸಬ್‌ನ ಪರವಾಗಿಯೂ, ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಹಿರಿಯ ವಕೀಲ ರಾಜು ರಾಮಚಂದ್ರನ್ ಅವರು ಹೇಳಬಹುದಾದುದನ್ನೆಲ್ಲ ಹೇಳಿದರು. 2012ರ ಆಗಸ್ಟಿನಲ್ಲಿ ಮರಣದಂಡನೆ ಸ್ಥಿರಪಟ್ಟಿತು. ಅವನ ಪರವಾದ ಮಾತನ್ನೂ ಪೂರ್ತಿಯಾಗಿ ಕೇಳಿದ ಮೇಲೆ ಹೊರಬಿದ್ದ ತೀರ್ಪಾದುದರಿಂದಲೇ ಅದರತ್ತ ಲೋಕವು ಬೆರಳು ತೋರಿಸುವುದು ಕಷ್ಟ.

ಸರಕಾರದ ಉಚಿತ ಕಾನೂನು ನೆರವು ಇದ್ದೇ ಇದೆಯಲ್ಲವೆ, ವಕೀಲರು ಹಿಂಜರಿದರೆ ನಷ್ಟವೇನು ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಿಗೆ ಕೊಡಮಾಡಿರುವುದು ತನಗೆ ಬೇಕಾದ ವಕೀಲನನ್ನು ಆರಿಸಿಕೊಳ್ಳುವ ಹಕ್ಕನ್ನು. ನೆರವಿನ ಪಟ್ಟಿಯಿಂದ ಬರುವ ವಕೀಲನಾದರೂ ಆ ಸಂಘದ ಸದಸ್ಯನೇ ಆಗಿರುವ ಸಂಭವವುಂಟಷ್ಟೆ. ಇನ್ನು, ಠರಾವು ಹೊರಟಾಗಲೆಲ್ಲ ಯಾರೋ ನಾಲ್ವರು ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹೊತ್ತೊಯ್ಯುವವರೆಗೆ ಕಾಯಬೇಕೇಕೆ? 1961ರ ವಕೀಲರ ಅಧಿನಿಯಮದ 35ನೆಯ ಪ್ರಕರಣವು, ದೂರು ಬಂದರೂ ಬಾರದಿದ್ದರೂ ವೃತ್ತಿದೋಷವನ್ನು ವಿಚಾರಣೆಗೆತ್ತಿಕೊಳ್ಳುವ ಅಧಿಕಾರವನ್ನು ರಾಜ್ಯದ ವಕೀಲರ ಪರಿಷತ್ತಿಗೆ ಕೊಟ್ಟಿದೆ. ಠರಾವಿಗೆ ಸಹಿ ಹಾಕಿದ ಪದಾಧಿಕಾರಿಗಳನ್ನು ಮುಂದಿನ ಸಲ ಪರಿಷತ್ತೇ ಕರೆಯಿಸಿ ಕಾರಣ ಕೇಳಲಿ.