ಮೂಕಪ್ರಾಣಿಗಳ ಋಣ

ಕಾಗವಾಡ, ಅಥಣಿ, ರಾಯಬಾಗಗಳವರಿಗೆ ಮಿರಜವೂ, ನಿಪ್ಪಾಣಿ, ಚಿಕ್ಕೋಡಿಗಳವರಿಗೆ ಕೊಲ್ಹಾಪುರ, ಬೆಳಗಾವಿಗಳೂ ದೊಡ್ಡ ದವಾಖಾನೆಯ ಊರುಗಳು. ಕಳೆದ ತಿಂಗಳು ನಮ್ಮ ಓಣಿಯ ವೃದ್ಧ ಶ್ರಾವಿಕೆಯೊಬ್ಬರು ಅಂಥ ಊರೊಂದಕ್ಕೆ ಎದೆಯ ಪರೀಕ್ಷೆಗೆಂದು ಹೋಗಿದ್ದರು. ಎಕೋ ಯಂತ್ರದಲ್ಲಿ ಹೃದಯದ ಚಿತ್ರವು ಸ್ಫುಟವಾಗಿ ಮೂಡದಿರಲು, ವೈದ್ಯರು ರಕ್ತನಾಳದೊಳಗೆ ಒಂದು ಔಷಧವನ್ನು ಚುಚ್ಚಿ ನೋಡುವೆವೆಂದರಂತೆ. ಅದರಲ್ಲಿ ಗುಳ್ಳೆಗಳಿವೆಯೆಂದೂ, ಅದನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಿರುವರೆಂದೂ ಕೇಳಿ ಆ ತಾಯಿಯು ಒಪ್ಪದೆ ಮರಳಿದರು. ನಮ್ಮನ್ನು ಕೇಳಿದರು: "ಮಾಸ್ತರ್ರೀ, ರಕ್ತದಾಗ ಗಾಳಿ ಹೊಕ್ಕರ ಜೀವ ಉಳೀತದೇನ್ರಿ? ನನ್ನ ಸಲುವಾಗಿ ಎಷ್ಟು ಜೀವ ಹೋಗ್ಯಾವು?"

ಮೊದಲಿನ ಪ್ರಶ್ನೆಗೆ ಉತ್ತರವು ಸುಲಭ. ದೊಡ್ಡ ಗುಳ್ಳೆಯು ರಕ್ತದ ದಾರಿಯನ್ನು ಕಟ್ಟಬಲ್ಲದು. ಈ ಔಷಧದ ಗುಳ್ಳೆಗಳಾದರೋ ಬಹುಮಟ್ಟಿಗೆ ಕೆಂಪು ರಕ್ತಕಣಕ್ಕಿಂತಲೂ ಸಣ್ಣವು. ಒಳಗೆ ರಕ್ತದಲ್ಲಿ ಬೇಗನೆ ಕರಗದ ಅನಿಲ, ಹೊರಗೆ ಕೊಬ್ಬಿನ ಇಲ್ಲವೆ ಸಸಾರಜನಕದ ತೆಳುಪೊರೆ. ಶಬ್ದತರಂಗವು ತಾಕಿದೊಡನೆ ಅವು ಕುಗ್ಗಿ ಹಿಗ್ಗಿ ಬಲವಾದ ಪ್ರತಿಧ್ವನಿಯನ್ನು ಕೊಡುವುವು. ಕೆಲವು ನಿಮಿಷಗಳಲ್ಲಿ ಆ ಅನಿಲವು ಉಸಿರಿನೊಡನೆ ಹೊರಬೀಳುವುದು. ಗುಳ್ಳೆಗಳ ಈ ಗುಣವನ್ನು ಗ್ರಾಮಿಯಾಕ್ ಮತ್ತು ಪ್ರವೀಣ ಶಾಹ ಎಂಬಿಬ್ಬರು ಅಮೇರಿಕದ ರಾಚೆಸ್ಟರಿನಿಂದ 1968ರಲ್ಲಿ ಪ್ರಕಟಪಡಿಸಿದರು.

ಎರಡನೆಯ ಪ್ರಶ್ನೆಯೆದುರು ನಾವು ತಲೆ ತಗ್ಗಿಸಿದೆವು. ಇಲಿ, ಮೊಲ, ನಾಯಿ, ಹಂದಿಗಳ ಮೈಯಲ್ಲಿ ಇಂಥ ಔಷಧಗಳನ್ನು ಪರೀಕ್ಷಿಸಿದ್ದುಂಟು. ಶಬ್ದದ ಬಲವನ್ನು ಮಿತಿಮೀರಿ ಏರಿಸಿದರೆ ಗುಳ್ಳೆಗಳೊಡೆದು ಸೂಕ್ಷ್ಮನಾಳಗಳು ಹರಿಯಬಹುದೆಂಬುದನ್ನು ಇಲಿಗಳು ಕಲಿಸಿದವು. ಅದಕ್ಕಾಗಿಯೇ ಈಗ ಬಲವನ್ನು ತಗ್ಗಿಸಿ ನೋಡುವರು. ಆದರೆ ಪ್ರಾಣಿಯ ಸಾಕ್ಷ್ಯವು ಯಾವಾಗಲೂ ಮನುಷ್ಯನಿಗೆ ಹೊಂದದು. ಹಂದಿಯ ಪುಪ್ಪುಸದ ನಾಳಗಳಲ್ಲಿ ಪರಕಣಗಳನ್ನು ನುಂಗುವ ಜೀವಕೋಶಗಳು ಹೇರಳವಾದುದರಿಂದ ಅಲ್ಲಿ ರಕ್ತದೊತ್ತಡವು ಥಟ್ಟನೆ ಏರುವುದು. ಮನುಷ್ಯರಲ್ಲಿ ಸಾಮಾನ್ಯವಾಗಿ ಹಾಗಾಗದು. ಇತ್ತ ಕೆಲವು ರೋಗಿಗಳ ಮರಣದ ವರದಿ ಬರಲು, ಅಮೇರಿಕದ ಔಷಧ ಇಲಾಖೆಯು 2007ರಲ್ಲಿ ಕಠಿಣ ಎಚ್ಚರಿಕೆಯನ್ನು ವಿಧಿಸಿತು; ಹೆಚ್ಚಿನ ಅನುಭವವನ್ನು ತೂಗಿ ನೋಡಿ 2008ರಲ್ಲಿ ಸಡಿಲಿಸಿತು. ತೀವ್ರವಾದ ಅಲರ್ಜಿಯು ವಿರಳ, ಇಲ್ಲವೆಂದಲ್ಲ. ಆದುದರಿಂದ ಹಿಂದೆ ಯಾವ ಔಷಧವು ಒಗ್ಗಲಿಲ್ಲವೆಂಬುದನ್ನು ವೈದ್ಯರಿಗೆ ತಿಳಿಸುವುದು ಅವಶ್ಯ.

ನಮ್ಮ ದೇಶದಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯದೆಯು ಇಂಥ ಪ್ರಯೋಗಗಳಿಗೆ ಅಂಕೆಯಿಟ್ಟಿದೆ. 2023ರಲ್ಲಿ ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಪ್ರಾಣಿಗಳ ಬದಲು ಜೀವಕೋಶ, ಗಣಕಯಂತ್ರಗಳ ವಿಧಾನಗಳಿಗೂ ಎಡೆಗೊಟ್ಟರು. ಪ್ರಾಣಿಯನ್ನು ಬಿಟ್ಟು ನಡೆಯುವಲ್ಲಿ ಬಿಡಬೇಕು, ಬಿಡಲಾಗದಲ್ಲಿ ಸಂಖ್ಯೆಯನ್ನು ಇಳಿಸಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ಪಂಡಿತರು 1959ರಲ್ಲಿಯೇ ಹೇಳಿದ್ದರು. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಪಡೆದ ಉಪಕಾರವನ್ನು ಮರೆತು ಬಾಳುವುದು ಆ ಧರ್ಮಕ್ಕೆ ಸಲ್ಲದು.

ಇದಿಷ್ಟನ್ನೂ ಮುಚ್ಚಿಡದೆ ಹೇಳಿ, ನಿರ್ಧಾರವನ್ನು ಆ ತಾಯಿಗೇ ಬಿಟ್ಟೆವು. ಅವರು ಎರಡು ದಿನ ಯೋಚಿಸಿ, ಮಗನೊಡನೆ ಹೋಗಿ ಪರೀಕ್ಷೆಯನ್ನು ಮಾಡಿಸಿಕೊಂಡರು. ಮರಳಿ ಬಂದವರು ನಮ್ಮ ಕಟ್ಟೆಯ ಮೇಲೆ ಕುಳಿತು, "ಈ ಚಾತುರ್ಮಾಸದಾಗ ಅವುಗಳ ಹೆಸರಿಲೆ ಗೋಶಾಲೆಗೆ ಮೇವು ಕಳಸ್ತೀನ್ರಿ" ಎಂದರು.